ಎಸ್ಟಿಮೇಟಿನಲ್ಲಿ ಮಳೆಗಾಲಕ್ಕೂ ಒಂದು ಸಾಲು ಇರಲಿ

ಸಂಪಾದಕರಿಗೆ ನಮಸ್ಕಾರ.

ಕಳೆದ ಜುಲೈನಲ್ಲಿ ನಮ್ಮ ಕರಾವಳಿಯ ಒಂದು ಊರಿನ ಪ್ರದರ್ಶನ ಕೋಣೆಯಲ್ಲಿ ಒಂದು ಬಟ್ಟಲು ಉಪ್ಪು ಕರಗಿ ನೀರಾಗಿ ಹರಿಯಿತು. ಅದೇ ಕೋಣೆಯಲ್ಲಿ ಒಂದು ಫೋಟೋ ಗಾಜಿಗೆ ಅಂಟಿಕೊಂಡು ಹಾಳಾಯಿತು. ಆ ಎರಡನ್ನೂ ಹೇಳಿ, ಮ್ಯೂಸಿಯಂ ಎಸ್ಟಿಮೇಟಿನಲ್ಲಿ ಡಿಸೈನಿಗೂ ಮಳೆಗಾಲದ ಆರೈಕೆಗೂ ಒಂದೊಂದು ಸಾಲು ಇರಲಿ ಎಂದು ಕೇಳಲಿಕ್ಕೇ ಈ ಪತ್ರ. ಸ್ವಲ್ಪ ಉದ್ದ ಆಗುತ್ತದೆ, ಜಾಗ ಇಲ್ಲದಿದ್ದರೆ ಕತ್ತರಿಸಿ, ಅಡ್ಡಿಲ್ಲ. ಉಪ್ಪಿನ ವಿಷಯ, ಫೋಟೋದ ವಿಷಯ ಮಾತ್ರ ಬಿಡಬೇಡಿ.

ನಾನು ಮ್ಯೂಸಿಯಂ ಮತ್ತು ಗ್ಯಾಲರಿಗಳ ಪ್ರದರ್ಶನ ಡಿಸೈನ್ ಮಾಡುವವಳು. ಯಾವ ಕಂಪನಿಯಲ್ಲೂ ಇಲ್ಲ, ಸ್ವಂತ ಕೆಲಸ, ಹದಿನಾಲ್ಕು ವರ್ಷ ಆಯಿತು. ಮನೆ ಕಾರವಾರದ ಕೋಡಿಬಾಗದಲ್ಲಿ. ಕೆಲಸ ಹೆಚ್ಚಾಗಿ ಬೆಂಗಳೂರು, ಪಣಜಿ, ಕೊಚ್ಚಿ ಕಡೆ ಸಿಗುತ್ತದೆ, ನಮ್ಮ ಜಿಲ್ಲೆಯಲ್ಲಿ ವರ್ಷಕ್ಕೆ ಒಂದು ಸಿಕ್ಕರೆ ಜಾಸ್ತಿ. ಊರಿನವರು ‘ಡೆಕೋರೇಶನ್ನಾ?’ ಎಂದು ಕೇಳುತ್ತಾರೆ. ‘ಫ್ಲೆಕ್ಸ್ ಮಾಡ್ತೀರಲ್ವಾ’ ಎನ್ನುವವರೂ ಇದ್ದಾರೆ. ತಪ್ಪು ಅವರದ್ದಲ್ಲ. ಪ್ರದರ್ಶನ ಚೆನ್ನಾಗಿದ್ದಾಗ ನೋಡುವವರ ಕಣ್ಣು ವಸ್ತುವಿನ ಮೇಲೆ ಇರುತ್ತದೆ, ಅದರ ಹಿಂದಿನ ಹಲಗೆ, ಮೇಲಿನ ದೀಪ, ಪಕ್ಕದ ನಾಲ್ಕು ಸಾಲು ಬರಹ ಯಾರ ಲೆಕ್ಕಕ್ಕೂ ಬರುವುದಿಲ್ಲ.

ಹಾಗಾಗಿ ಕೆಲಸ ಏನು ಎಂದು ಸ್ವಲ್ಪ ಹೇಳುತ್ತೇನೆ. ಮೊದಲು ವಸ್ತುಗಳ ಪಟ್ಟಿ ಕೈಗೆ ಬರಬೇಕು. ಒಂದೊಂದನ್ನೂ ಅಳೆದು, ತೂಗಿ, ಯಾವುದಕ್ಕೆ ಬೆಳಕು ಆಗುವುದಿಲ್ಲ, ಯಾವುದಕ್ಕೆ ತೇವ ಆಗುವುದಿಲ್ಲ ಎಂದು ಬರೆದುಕೊಳ್ಳುತ್ತೇನೆ. ಆಮೇಲೆ ಕೋಣೆ. ಬಾಗಿಲು ಎಲ್ಲಿದೆ, ಜನ ಬಂದ ಕೂಡಲೇ ಯಾವ ಕಡೆ ತಿರುಗುತ್ತಾರೆ, ಮಧ್ಯಾಹ್ನ ಮೂರು ಗಂಟೆಗೆ ಯಾವ ಕಿಟಕಿಯಿಂದ ಬಿಸಿಲು ಬರುತ್ತದೆ, ಯಾವ ಗೋಡೆ ಒಳಗಿನದ್ದು, ಯಾವುದು ಮಳೆಗೆ ಮೈಯೊಡ್ಡಿದ್ದು. ಇದಾದ ಮೇಲೆ ಕಪಾಟು, ಪೀಠ, ಫಲಕಗಳ ನಕ್ಷೆ, ಒಂದೊಂದು ಸ್ಕ್ರೂವಿನವರೆಗೆ. ಕೊನೆಗೆ ಬರಹ, ಅಕ್ಷರ, ಪ್ರಿಂಟ್, ಜೋಡಣೆ. ಜೋಡಣೆಯ ವಾರ ನಾನು ನೆಲದ ಮೇಲೇ ಇರುತ್ತೇನೆ, ಸ್ಪಿರಿಟ್ ಲೆವೆಲ್ ಹಿಡಿದು.

ಈಗ ಉಪ್ಪಿನ ವಿಷಯ. ಯಾವ ಊರು, ಯಾವ ಸಂಸ್ಥೆ ಎಂದು ಬರೆಯುವುದಿಲ್ಲ. ಅವರು ಕೆಟ್ಟವರಲ್ಲ, ಮನಸ್ಸಿಟ್ಟು ಚಂದಾ ಎತ್ತಿ ಮಾಡಿದವರು. ನಮ್ಮ ಜಿಲ್ಲೆಯ ಸ್ವಾತಂತ್ರ್ಯ ಹೋರಾಟವನ್ನು ಎರಡು ಕೋಣೆಯಲ್ಲಿ ತೋರಿಸಬೇಕಿತ್ತು. 1930ರ ಏಪ್ರಿಲ್‌ನಲ್ಲಿ ಅಂಕೋಲೆಯಲ್ಲಿ ಎಂ.ಪಿ. ನಾಡಕರ್ಣಿಯವರು ಉಪ್ಪಿನ ಕಾನೂನು ಮುರಿದದ್ದು, ಆಮೇಲೆ ಅಂಕೋಲೆ ಮತ್ತು ಸಿದ್ದಾಪುರದ ರೈತರು ಕರ ಕೊಡುವುದಿಲ್ಲ ಎಂದು ನಿಂತದ್ದು, ಜಮೀನು ಜಪ್ತಿ ಆದರೂ ಬಗ್ಗದೆ ಇದ್ದದ್ದು, ಗುಜರಾತಿನ ಬಾರ್ಡೋಲಿಯ ರೈತರ ಕರನಿರಾಕರಣೆಯ ನೆನಪಿನಲ್ಲಿ ಅಂಕೋಲೆಗೆ ಕರ್ನಾಟಕದ ಬಾರ್ಡೋಲಿ ಎಂಬ ಹೆಸರು ಬಂದದ್ದು. ನಾನು ಮೂರು ತಿಂಗಳು ಮನೆ ಮನೆ ತಿರುಗಿದೆ. ಜನ ಅಟ್ಟದಿಂದ ಇಳಿಸಿ ಕೊಟ್ಟರು. ಜಪ್ತಿ ನೋಟೀಸು, ಚರಕದ ಮುರಿದ ಚಕ್ರ, ಜೈಲಿನಿಂದ ಬರೆದ ಪೋಸ್ಟ್ ಕಾರ್ಡು, ಫೋಟೋಗಳು.

ನಡುವಿನ ಪೀಠದಲ್ಲಿ ಉಪ್ಪು ಇಡೋಣ ಎಂದು ನಾನೇ ಹೇಳಿದ್ದೆ. ಗೋಕರ್ಣದ ಹತ್ತಿರ ಸಾಣಿಕಟ್ಟೆಯ ಗದ್ದೆಗಳಲ್ಲಿ ಇಂದಿಗೂ ಉಪ್ಪು ಬೆಳೆಯುತ್ತಾರೆ. ಬೂದು ಬಣ್ಣದ ದಪ್ಪ ಹರಳು, ನಮ್ಮ ಕಡೆ ಉಪ್ಪಿನಕಾಯಿಗೆ ಅದೇ ಬೇಕು. ಆ ಉಪ್ಪು ಕಣ್ಣೆದುರು ಇದ್ದರೆ ಮಕ್ಕಳಿಗೆ ‘ಇದಕ್ಕಾಗಿ ಜೈಲಿಗೆ ಹೋದರಾ’ ಎಂಬ ಪ್ರಶ್ನೆ ತಾನಾಗಿ ಬರುತ್ತದೆ. ನಕ್ಷೆಯಲ್ಲಿ ನಾನು ಬರೆದದ್ದು ಗಾಜಿನ ಜಾಡಿ, ಬಿಗಿ ಮುಚ್ಚಳ, ಪ್ರತಿ ಬೇಸಿಗೆಯಲ್ಲಿ ಹೊಸ ಉಪ್ಪು ತುಂಬಬೇಕು ಎಂಬ ಟಿಪ್ಪಣಿ. ಉಪ್ಪಿನ ಗುಣ ನಮಗೆಲ್ಲ ಗೊತ್ತು. ಗಾಳಿಯ ತೇವ ಸುಮಾರು ಶೇ 75 ದಾಟಿದರೆ ಅದು ಗಾಳಿಯಿಂದಲೇ ನೀರು ಕುಡಿದು ಕರಗುತ್ತದೆ. ಸಮುದ್ರದ ಉಪ್ಪಂತೂ ಇನ್ನೂ ಬೇಗ. ನಮ್ಮ ಅಮ್ಮಂದಿರು ಉಪ್ಪನ್ನು ಭರಣಿಯಲ್ಲಿ ಮುಚ್ಚಿಡುವುದು ಸುಮ್ನೆ ಅಲ್ಲ.

ಆಮೇಲೆ ಆದದ್ದು ಎಲ್ಲ ಕಡೆ ಆಗುವಂಥದ್ದೇ. ‘ಡ್ರಾಯಿಂಗ್ ಕೊಡಿ ಮೇಡಂ, ಕಮಿಟಿಯಲ್ಲಿ ಇಟ್ಟು ಹೇಳ್ತೇವೆ’ ಎಂದರು. ಕೊಟ್ಟೆ. ಅದನ್ನು ಮೂರು ಫ್ಯಾಬ್ರಿಕೇಟರ್‌ಗಳಿಗೆ ಕಳಿಸಿ ಚದರಡಿಗೆ ಎಷ್ಟು ಎಂದು ಕೇಳಿದರು. ಒಬ್ಬರು ಎಲ್ಲರಿಗಿಂತ ಕಡಿಮೆ ಬರೆದು, ಡಿಸೈನ್ ಫ್ರೀ ಎಂದೂ ಸೇರಿಸಿದರು. ಕೆಲಸ ಅವರಿಗೆ ಹೋಯಿತು. ನಕ್ಷೆ ನನ್ನದೇ, ಆದರೆ ಜೋಡಣೆಗೆ ನನ್ನನ್ನು ಕರೆಯಲಿಲ್ಲ. ಮೇ ತಿಂಗಳಲ್ಲಿ ಉದ್ಘಾಟನೆ ಆಯಿತು, ಫೋಟೋದಲ್ಲಿ ಎಲ್ಲ ಚೆನ್ನಾಗಿಯೇ ಕಂಡಿತು. ಮೇ ತಿಂಗಳಲ್ಲಿ ನಮ್ಮಲ್ಲಿ ಎಲ್ಲವೂ ಚೆನ್ನಾಗಿ ಕಾಣುತ್ತದೆ.

ಜುಲೈ ಕೊನೆಯಲ್ಲಿ ಕುಮಟಾ ಕಡೆಯಿಂದ ಬರುವಾಗ ನೋಡಿ ಹೋಗೋಣ ಎಂದು ಇಳಿದೆ. ಬಾಗಿಲು ತೆಗೆದ ಕೂಡಲೇ ಬೂಸ್ಟಿನ ವಾಸನೆ. ಜಾಡಿಯ ಬದಲು ಹಿತ್ತಾಳೆಯ ಬಟ್ಟಲು ಇಟ್ಟಿದ್ದರು, ಮುಚ್ಚಳ ಇಲ್ಲ. ಉಪ್ಪು ಅರ್ಧಕ್ಕೆ ಇಳಿದಿತ್ತು. ಬಟ್ಟಲಿನ ಅಂಚಿನಲ್ಲಿ ಬಿಳಿ ಬಳೆಯ ಹಾಗೆ ಒಂದು ಗೆರೆ, ಹೊರಮೈಯಲ್ಲಿ ಹಸಿರು ಕಿಲುಬು. ಉಪ್ಪುನೀರು ಪೀಠದ ಮೇಲೆ ಹರಿದು, ಎಂಡಿಎಫ್ (ಮರದ ನಾರು ಒತ್ತಿ ಮಾಡಿದ) ಹಲಗೆಯ ಮೂಲೆ ರೊಟ್ಟಿಯ ಹಾಗೆ ಉಬ್ಬಿ, ಅಲ್ಲಿಂದ ಕೆಳಗೆ ಇಟ್ಟಿದ್ದ ಜಪ್ತಿ ನೋಟೀಸಿನ ಅಂಚಿಗೆ ತಲುಪಿತ್ತು. ತೊಂಬತ್ತು ವರ್ಷ ಒಂದು ಮನೆಯ ಅಟ್ಟದಲ್ಲಿ ಉಳಿದಿದ್ದ ಕಾಗದ. ಪ್ರದರ್ಶನಕ್ಕೆ ಬಂದು ಮೂರು ತಿಂಗಳಿಗೆ ಒದ್ದೆ ಆಯಿತು.

ಅಲ್ಲಿ ಅಕ್ಕೋರು ಇದ್ದರು. ನಿವೃತ್ತ ಪ್ರಾಥಮಿಕ ಶಾಲೆ ಟೀಚರು, ಎಂಬತ್ತು ದಾಟಿದವರು. ಅವರ ತಂದೆ ಕರನಿರಾಕರಣೆಯಲ್ಲಿ ಜೈಲಿಗೆ ಹೋದವರು. ತಂದೆಯ ಒಂದೇ ಒಂದು ಫೋಟೋವನ್ನು ನನ್ನ ಮಾತು ನಂಬಿ ಕೊಟ್ಟಿದ್ದರು. ಮೊಮ್ಮಗನ ಜೊತೆ ನೋಡಲು ಬಂದಿದ್ದವರು ಫ್ರೇಮಿನ ಮುಂದೆ ನಿಂತೇ ಇದ್ದರು. ನನ್ನನ್ನು ಕಂಡು ಕರೆದರು. ‘ತಂಗಿ, ಬಾ ಇಲ್ಲಿ. ಅಪ್ಪನ ಮುಖ ಎಲ್ಲಿ ಹೋಯ್ತು?’

ಮುಖ ಇತ್ತು, ಆದರೆ ಗಾಜಿಗೆ ಅಂಟಿತ್ತು. ಹಳೆಯ ಫೋಟೋದ ಮೇಲ್ಮೈ ಜಿಲಾಟಿನ್ ಪದರ. ತೇವ ತಾಗಿದರೆ ಅದು ಮೆತ್ತಗಾಗುತ್ತದೆ, ಗಾಜಿಗೆ ತಾಗಿಕೊಂಡೇ ಇದ್ದರೆ ಹಿಡಿದುಕೊಳ್ಳುತ್ತದೆ. ಅಂಟಿದ ಜಾಗವೆಲ್ಲ ಒದ್ದೆ ಕಲೆಯ ಹಾಗೆ ಹೊಳೆಯುತ್ತದೆ, ಅದರ ಹಿಂದೆ ಕಣ್ಣು, ಮೂಗು ಏನೂ ಸರಿಯಾಗಿ ಕಾಣುವುದಿಲ್ಲ. ಎಳೆದರೆ ಮುಖ ಗಾಜಿನ ಮೇಲೇ ಉಳಿದು ಹಿಂದಿನ ಕಾಗದ ಮಾತ್ರ ಕೈಗೆ ಬರುತ್ತದೆ. ಇದು ಆಗಬಾರದು ಎಂದೇ ನಕ್ಷೆಯಲ್ಲಿ ಗಾಜಿಗೂ ಫೋಟೋಗೂ ನಡುವೆ 3 ಮಿಲಿಮೀಟರ್ ಅಂತರ ಬರೆದಿದ್ದೆ. ಸುತ್ತ ಒಂದು ಮೌಂಟ್ ಬೋರ್ಡ್ (ದಪ್ಪ ರಟ್ಟು) ಚೌಕಟ್ಟು ಕತ್ತರಿಸಿ ಇಟ್ಟರೆ ಆಯಿತು. ಒಂದು ಫ್ರೇಮಿಗೆ ಅದರ ಖರ್ಚು ಹೋಟೆಲಿನಲ್ಲಿ ಒಂದು ಪ್ಲೇಟ್ ಬನ್ಸ್ ಮತ್ತು ಚಹಾದಷ್ಟು. ಉಳಿತಾಯ ಮಾಡುವಾಗ ಮೊದಲು ಹೋದದ್ದು ಅದೇ. ಕೆಲಸ ಮಾಡಿದ ಹುಡುಗರಿಗೆ ಅದು ಯಾಕೆ ಇದೆ ಎಂದು ಗೊತ್ತಿರಲಿಲ್ಲ, ಹೇಳಲು ನಾನು ಅಲ್ಲಿ ಇರಲಿಲ್ಲ.

ಇದಕ್ಕೇ ನಾನು ಕೇಳುವುದು. ನಮ್ಮ ಜಿಲ್ಲೆಗೆ ಮ್ಯೂಸಿಯಂ ಬೇಕು, ಬನವಾಸಿಯಲ್ಲಿ ಕದಂಬರದ್ದು ಬೇಕು, ಗೇರುಸೊಪ್ಪೆಯ ರಾಣಿ ಚೆನ್ನಭೈರಾದೇವಿಯದ್ದು ಬೇಕು, ಯಕ್ಷಗಾನದ್ದು ಬೇಕು ಎಂದು ನಿಮ್ಮ ಪತ್ರಿಕೆಗೆ ಓದುಗರು ಬರೆಯುತ್ತಲೇ ಇರುತ್ತಾರೆ. ಎಲ್ಲಕ್ಕೂ ನನ್ನ ಕೈ ಎತ್ತಿದೆ. ಆದರೆ ಎಸ್ಟಿಮೇಟ್ ಬರೆಯುವ ದಿನ ಕಟ್ಟಡಕ್ಕೆ ಒಂದು ಸಾಲು, ಟೈಲ್ಸಿಗೆ ಒಂದು ಸಾಲು, ಉದ್ಘಾಟನೆಯ ಶಾಮಿಯಾನಕ್ಕೂ ಒಂದು ಸಾಲು ಇರುತ್ತದೆ. ಡಿಸೈನಿಗೆ ಬೇರೆಯೇ ಒಂದು ಸಾಲು ಬರೆಯಿರಿ. ಜೋಡಣೆ ಮುಗಿಯುವವರೆಗೆ ಡಿಸೈನರ್ ಸ್ಥಳದಲ್ಲಿ ಇರಬೇಕು ಎಂದು ಅದರಲ್ಲೇ ಬರೆಯಿರಿ. ಮತ್ತೆ ಮೊದಲ ಎರಡು ಮಳೆಗಾಲದ ಆರೈಕೆಗೆ ಇನ್ನೊಂದು ಸಾಲು. ನಾನೇ ಆಗಬೇಕು ಎಂದೇನಿಲ್ಲ, ಯಾರೇ ಮಾಡಲಿ.

ದುಡ್ಡಿನ ವಿಷಯ ಬಂದಿದ್ದಕ್ಕೆ ಇನ್ನೆರಡು ಮಾತು. ಸರ್ಕಾರಿ ಕೆಲಸದಲ್ಲಿ ಕನ್ಸಲ್ಟೆಂಟ್‌ಗಳನ್ನು ಆರಿಸುವಾಗ ಗುಣಮಟ್ಟಕ್ಕೆ ಇಷ್ಟು ಅಂಕ, ದರಕ್ಕೆ ಇಷ್ಟು ಅಂಕ ಎಂದು ಎರಡನ್ನೂ ತೂಗುವ ಕ್ರಮ ಇದೆ, ಕ್ಯೂಸಿಬಿಎಸ್ ಎನ್ನುತ್ತಾರೆ. ಹಾಗಾಗಿ ಕಡಿಮೆ ದರ ಬಿಟ್ಟರೆ ದಾರಿಯೇ ಇಲ್ಲ ಎನ್ನುವುದು ಸರಿ ಅಲ್ಲ. 1957ರ ಕಾಪಿರೈಟ್ ಕಾಯ್ದೆ ಪ್ರಕಾರ ಸ್ವತಂತ್ರವಾಗಿ ಕೆಲಸ ಮಾಡುವವರ ನಕ್ಷೆಯ ಹಕ್ಕು, ಬರಹದಲ್ಲಿ ಬಿಟ್ಟುಕೊಡದ ಹೊರತು, ಸಾಮಾನ್ಯವಾಗಿ ಅವರದ್ದೇ. ಕೊಟೇಶನ್‌ಗೆ ಕೊಟ್ಟ ನಕ್ಷೆ ಇನ್ನೊಬ್ಬರ ಕೈಗೆ ಹೋಗಬಾರದು. ಇನ್ನು ಉದ್ಯಮ್ ಎಂಬ ಸರ್ಕಾರಿ ನೋಂದಣಿ ಮಾಡಿಸಿಕೊಂಡ ಸಣ್ಣವರಿಗೆ 2006ರ ಎಂಎಸ್‌ಎಂಇ (ಸಣ್ಣ ಉದ್ಯಮಗಳ) ಕಾಯ್ದೆ 45 ದಿನದ ಒಳಗೆ ಹಣ ಕೊಡಬೇಕು ಎನ್ನುತ್ತದೆ. ನನ್ನ ಹಾಗೆ ಒಬ್ಬರೇ ದುಡಿಯುವ ಫೋಟೋಗ್ರಾಫರ್, ಕಲಾವಿದರು, ಅನುವಾದಕರು ಈ ನೋಂದಣಿ ಮಾಡಿಸಿ. ನಾನು ಹತ್ತು ವರ್ಷ ತಡ ಮಾಡಿದೆ.

ಸರಿ, ಮಳೆಗಾಲಕ್ಕೆ ಬರೋಣ, ಯಾಕೆಂದರೆ ಇಲ್ಲಿ ಎಲ್ಲವೂ ಅದರ ಮೇಲೇ ನಿಂತಿದೆ. ಕಾರವಾರದಲ್ಲಿ ವರ್ಷಕ್ಕೆ ಸುಮಾರು 3000 ಮಿಲಿಮೀಟರ್ ಮಳೆ, ಹೆಚ್ಚಿನ ಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೆ. ಮ್ಯೂಸಿಯಂ ಪುಸ್ತಕಗಳಲ್ಲಿ ತೇವ ಶೇ 45ರಿಂದ 55ರ ಒಳಗೆ ಇರಲಿ ಎಂದು ಬರೆದಿರುತ್ತದೆ. ಅದು ಚಳಿ ದೇಶದವರ ಲೆಕ್ಕ. ಜುಲೈನಲ್ಲಿ ನಮ್ಮ ಮನೆಯ ಒಳಗೇ ಶೇ 85 ಇರುತ್ತದೆ. ಶೇ 65, 70 ದಾಟಿದರೆ ಬೂಸ್ಟು ಶುರು. ಆಗ ಎಲ್ಲರೂ ಹೇಳುವುದು ‘ಎಸಿ ಹಾಕಿದರೆ ಆಯ್ತಲ್ಲ’. ಎಸಿ ಬೆಳಿಗ್ಗೆ ಹತ್ತಕ್ಕೆ ಹಾಕಿ ಸಂಜೆ ಐದಕ್ಕೆ ಬಂದ್ ಮಾಡಿ ಬೀಗ ಹಾಕಿದರೆ ಇಲ್ಲದಿರುವುದಕ್ಕಿಂತ ಕೆಡುಕು. ತಣ್ಣಗಾದ ಗಾಜು, ತಣ್ಣಗಾದ ಕಂಚು, ಅದರ ಮೇಲೆ ರಾತ್ರಿಯ ಬಿಸಿ ಒದ್ದೆ ಗಾಳಿ. ನೀರು ಕೂರುತ್ತದೆ, ಫ್ರಿಜ್ಜಿನಿಂದ ತೆಗೆದ ಬಾಟಲಿಯ ಹಾಗೆ. ದಿನಾ ಏರಿಳಿತ ಆದರೆ ಮರ ಬಿರಿಯುತ್ತದೆ, ಬಣ್ಣ ಏಳುತ್ತದೆ.

ಹಾಗಾದರೆ ಏನು ಮಾಡಬೇಕು? ಗಾಳಿ ಆಡಬೇಕು. ಚಿರೆಕಲ್ಲಿನ ಹೊರಗೋಡೆಗೆ ಏನನ್ನೂ ನೇರ ಹೊಡೆಯಬಾರದು, ಆ ಕಲ್ಲು ಆಗಸ್ಟಿನ ತನಕ ನೀರು ಹೀರುತ್ತಲೇ ಇರುತ್ತದೆ. ಫಲಕಕ್ಕೂ ಗೋಡೆಗೂ ಎರಡು ಇಂಚು ಬಿಡಿ. ಎಂಡಿಎಫ್ ಬೇಡವೇ ಬೇಡ, ಅದು ಉಬ್ಬುವುದು ಒಂದು ಕಡೆ, ಅದರಿಂದ ಹೊರಡುವ ಹುಳಿ ಆವಿ ಮುಚ್ಚಿದ ಕಪಾಟಿನಲ್ಲಿ ಸೀಸ, ಹಿತ್ತಾಳೆಯನ್ನು ತಿನ್ನುತ್ತದೆ. ಮರೈನ್ ಪ್ಲೈ ಅಥವಾ ಅಲ್ಯೂಮಿನಿಯಂ ಇರಲಿ. ಸ್ಕ್ರೂ ಕಡಲ ಹತ್ತಿರ ಆದರೆ 316 ಗ್ರೇಡ್ ಸ್ಟೀಲು, ಸಾಮಾನ್ಯ 304 ಕೂಡ ಎರಡು ಮಳೆಗೆ ಕಲೆ ಬಿಡುತ್ತದೆ. ಮುಚ್ಚಿದ ಸಣ್ಣ ಕಪಾಟಿನಲ್ಲಿ ತೇವ ಹೀರುವ ಸಿಲಿಕಾ ಜೆಲ್ ಇಡಬಹುದು, ಆದರೆ ಅದನ್ನು ಬಿಸಿ ಮಾಡಿ ಒಣಗಿಸಿ ಮತ್ತೆ ಇಡುವ ಒಬ್ಬರು ಬೇಕು. ಆ ಒಬ್ಬರ ಸಂಬಳವೇ ನಾನು ಹೇಳಿದ ಮಳೆಗಾಲದ ಸಾಲು.

ನಮ್ಮ ಹಿರಿಯರಿಗೆ ಇದೆಲ್ಲ ಬೇರೆ ರೀತಿಯಲ್ಲಿ ಗೊತ್ತಿತ್ತು. ಘಟ್ಟದ ಮೇಲಿನ ಹಳೆ ಮನೆಗಳಲ್ಲಿ ತಾಡೋಲೆ ಕಟ್ಟುಗಳನ್ನು ಅಡುಗೆ ಒಲೆಯ ಮೇಲಿನ ಅಟ್ಟದಲ್ಲಿ ಇಡುತ್ತಿದ್ದರು. ಹೊಗೆಗೆ ಹುಳ ಬರುವುದಿಲ್ಲ, ಶಾಖಕ್ಕೆ ತೇವ ನಿಲ್ಲುವುದಿಲ್ಲ. ರೇಷ್ಮೆ ಸೀರೆಯ ಪೆಟ್ಟಿಗೆಯಲ್ಲಿ ಲಾವಂಚದ ಬೇರು. ಹಳೆಯ ವಸ್ತು ಕೇಳಲು ಹೋದಾಗ ನಾನು ಮೊದಲು ಕೇಳುವ ಪ್ರಶ್ನೆಯೇ ಇದು, ‘ಇಷ್ಟು ವರ್ಷ ಎಲ್ಲಿ ಇಟ್ಟಿದ್ರಿ?’ ಉತ್ತರದಲ್ಲಿ ಅರ್ಧ ಡಿಸೈನ್ ಸಿಕ್ಕಿಬಿಡುತ್ತದೆ.

ಬೆಳಕಿನದ್ದೂ ಹಾಗೆಯೇ. ಒಮ್ಮೆ ಬಡಗುತಿಟ್ಟಿನ ಯಕ್ಷಗಾನದ ಒಂದು ಹಳೆ ವೇಷದ ಸೆಟ್ಟನ್ನು ತೋರಿಸಬೇಕಿತ್ತು. ಕಿರೀಟ, ಭುಜಕೀರ್ತಿ, ಎದೆಕಟ್ಟು, ಕೆಂಪು ಕಪ್ಪು ಚೌಕಳಿಯ ಸೀರೆ. ಕೊಟ್ಟವರಿಗೆ ಝಗಝಗ ಹೊಳೆಯಬೇಕು ಎಂಬ ಆಸೆ, ನಾಲ್ಕು ಫೋಕಸ್ ಲೈಟು ತರಿಸಿ ಇಟ್ಟಿದ್ದರು. ಬಟ್ಟೆಗೆ, ಬಣ್ಣದ ಕಾಗದಕ್ಕೆ 50 ಲಕ್ಸ್‌ಗಿಂತ (ಲಕ್ಸ್ ಎಂದರೆ ಬೆಳಕಿನ ಅಳತೆ) ಹೆಚ್ಚು ಬೆಳಕು ಬೇಡ ಎನ್ನುವುದು ಎಲ್ಲ ಕಡೆ ಒಪ್ಪಿದ ಲೆಕ್ಕ. ಕಿಟಕಿಯಿಂದ ನೇರ ಬಿಸಿಲು ಬಿದ್ದರೆ ಅದು ಲಕ್ಷದ ಹತ್ತಿರ ಹೋಗುತ್ತದೆ, ನಿಮ್ಮ ಮೊಬೈಲಿಗೇ ಲಕ್ಸ್ ಅಳೆಯುವ ಆ್ಯಪ್ ಸಿಗುತ್ತದೆ, ಅಂದಾಜಿಗೆ ಸಾಕು, ನೋಡಿ. ಬೆಳಕಿನ ಪೆಟ್ಟು ಕೂಡುತ್ತಾ ಹೋಗುತ್ತದೆ, ಮಾಸಿದ ಬಣ್ಣ ಮತ್ತೆ ಬರುವುದಿಲ್ಲ. ನಾನು ಅವರಿಗೆ ಲೆಕ್ಕ ಹೇಳಲಿಲ್ಲ. ಕಿಟಕಿ ಮುಚ್ಚಿ, ಕೋಣೆ ಕತ್ತಲು ಮಾಡಿ, ಒಂದೇ ಒಂದು ಹಳದಿ ದೀಪವನ್ನು ಕೆಳಗಿನಿಂದ ಸ್ವಲ್ಪ ಓರೆಯಾಗಿ ಹಿಡಿದೆ. ಈ ಕಿರೀಟ ಮಾಡಿದವರು ಅದನ್ನು ಪಂಜಿನ ಬೆಳಕಿಗೆ, ಗ್ಯಾಸ್‌ಲೈಟಿನ ಬೆಳಕಿಗೆ ಮಾಡಿದವರು. ಬೇಗಡೆಯ ತುಂಡುಗಳನ್ನು ಚೂರು ಚೂರು ಕೋನದಲ್ಲಿ ಕೂರಿಸಿದ್ದು ಅದಕ್ಕಾಗಿ. ದೀಪ ಸ್ವಲ್ಪ ಅಲುಗಿದ ಕೂಡಲೇ ಇಡೀ ಕಿರೀಟ ಉಸಿರಾಡಿದ ಹಾಗೆ ಮಿನುಗಿತು. ಕೊಟ್ಟವರು ಏನೂ ಮಾತಾಡಲಿಲ್ಲ, ಹೋಗಿ ಫೋಕಸ್ ಲೈಟಿನ ಡಬ್ಬಗಳನ್ನು ಹೊರಗೆ ಇಟ್ಟು ಬಂದರು. ನನ್ನ ಕೆಲಸದಲ್ಲಿ ನನಗೆ ಇದಕ್ಕಿಂತ ದೊಡ್ಡ ಸಂತೋಷ ಇಲ್ಲ.

ಕನ್ನಡ ಅಕ್ಷರದ ಬಗ್ಗೆ ಹೇಳದೆ ಹೋದರೆ ನನಗೆ ನಿದ್ದೆ ಬರುವುದಿಲ್ಲ. ನಮ್ಮ ಕಡೆ ಫಲಕಗಳಲ್ಲಿ ಇಂಗ್ಲಿಷ್ ಮೇಲೆ ದೊಡ್ಡದಾಗಿ, ಕನ್ನಡ ಕೆಳಗೆ ಸಣ್ಣದಾಗಿ ಇರುತ್ತದೆ. ಅದೂ ಇಂಗ್ಲಿಷಿನಿಂದ ಹಾಗ್ಹಾಗೇ ಇಳಿಸಿದ ಕನ್ನಡ. ನೋಡಲು ಬರುವವರಲ್ಲಿ ಹೆಚ್ಚಿನವರು ಕನ್ನಡ ಶಾಲೆಯ ಮಕ್ಕಳು, ಅವರ ಮಾಸ್ತರರು, ಊರಿನ ಹಿರಿಯರು. ಹಾಗಾಗಿ ನಾನು ಬರಹವನ್ನು ಕನ್ನಡದಲ್ಲೇ ಮೊದಲು ಬರೆಸುತ್ತೇನೆ, ಅರುವತ್ತು ಪದದ ಒಳಗೆ. ನಿಂತು ಓದುವವರಿಗೆ ಅದಕ್ಕಿಂತ ಜಾಸ್ತಿ ಆಗುವುದಿಲ್ಲ. ಆಮೇಲೆ ಸಾಲಿನ ಅಂತರ. ‘ಸ್ವಾತಂತ್ರ್ಯ’ ಎಂಬ ಒಂದು ಪದ ನೋಡಿ. ಒಂದು ತ, ಅದರ ಕೆಳಗೆ ರ ಒತ್ತು, ಅದರ ಜೊತೆಗೆ ಯ ಒತ್ತು. ಕೆಳಗಿನ ಸಾಲಿನಲ್ಲಿ ಅದೇ ಜಾಗಕ್ಕೆ ಒಂದು ‘ಹೀ’ ಬಂತು ಎಂದರೆ ಮೇಲಿನ ಒತ್ತು, ಕೆಳಗಿನ ಗುಡಿಸು ಎರಡೂ ಡಿಕ್ಕಿ. ಇಂಗ್ಲಿಷಿಗೆ ಅಕ್ಷರದ ಗಾತ್ರದ ಶೇ 120 ಅಂತರ ಸಾಕು, ಸಾಫ್ಟ್‌ವೇರ್ ತಾನಾಗಿ ಕೊಡುವುದೂ ಅಷ್ಟೇ. ನಾನು ಕನ್ನಡಕ್ಕೆ ಶೇ 150, ಕೆಲವೊಮ್ಮೆ 160 ಕೊಡುತ್ತೇನೆ. ಫಲಕ ಉದ್ದ ಆಗುತ್ತದೆ, ಆಗಲಿ.

ಇನ್ನೊಂದು ತೊಂದರೆ ಪ್ರಿಂಟಿನ ಅಂಗಡಿಯದ್ದು. ‘ನುಡಿ’ ಎಂಬ ಕನ್ನಡ ಸಾಫ್ಟ್‌ವೇರಿನಲ್ಲಿ ಟೈಪ್ ಮಾಡಿದ್ದನ್ನು ಯುನಿಕೋಡ್‌ಗೆ ತರುವಾಗ ಅರ್ಕಾವತ್ತು ಜಾರುತ್ತದೆ. ಡಿಸೈನ್ ಸಾಫ್ಟ್‌ವೇರಿನಲ್ಲಿ ದಕ್ಷಿಣ ಏಷ್ಯಾ ಭಾಷೆಗಳ ಆಯ್ಕೆ ಒತ್ತದಿದ್ದರೆ ಒತ್ತಕ್ಷರಗಳು ಕಳಚಿ ಪಕ್ಕಕ್ಕೆ ಬಂದು ನಿಲ್ಲುತ್ತವೆ. ಬೇರೆ ರಾಜ್ಯದ ಪ್ರೆಸ್ಸಿನವರಿಗೆ ಅದು ಗೊತ್ತಾಗುವುದೇ ಇಲ್ಲ, ಅವರಿಗೆ ಎಲ್ಲವೂ ಜಿಲೇಬಿಯೇ. ಹಾಗಾಗಿ ಪ್ರತಿ ಫಲಕವನ್ನೂ ಮೊದಲು ಮನೆಯಲ್ಲಿ ಎ4 ಹಾಳೆಗಳಲ್ಲಿ ಪೂರ್ತಿ ಗಾತ್ರಕ್ಕೆ ಪ್ರಿಂಟ್ ತೆಗೆದು ಗೋಡೆಗೆ ಅಂಟಿಸುತ್ತೇನೆ. ಅಮ್ಮ ಒಂದು ಮೀಟರ್ ದೂರ ನಿಂತು ಗಟ್ಟಿಯಾಗಿ ಓದುತ್ತಾರೆ. ಎಲ್ಲಿ ತಡವರಿಸಿದರೋ ಅಲ್ಲಿ ನನ್ನ ತಪ್ಪು. ಪಕ್ಕದ ಮನೆಯ ಐದನೇ ಕ್ಲಾಸಿನ ಹುಡುಗನಿಗೂ ಓದಿಸುತ್ತೇನೆ, ಅವನ ಕಣ್ಣಿನ ಎತ್ತರಕ್ಕೆ ಸಿಗುತ್ತದಾ ಎಂದೂ ನೋಡಿದ ಹಾಗಾಗುತ್ತದೆ. ಚಿತ್ರದ ನಡುಭಾಗ ನೆಲದಿಂದ 145 ಸೆಂಟಿಮೀಟರ್ ಇರಲಿ ಎನ್ನುವುದು ದೊಡ್ಡವರ ಲೆಕ್ಕ. ಶಾಲೆ ಮಕ್ಕಳು ಬರುವ ಕಡೆ ನಾನು ಬರಹವನ್ನು ಅದಕ್ಕಿಂತ ಕೆಳಗೆ, ಓರೆ ಹಲಗೆಯ ಮೇಲೆ ಇಡುತ್ತೇನೆ.

ಮೊದಲ ದಿನದಿಂದ ಕರೆದರೆ ಏನಾಗುತ್ತದೆ ಎನ್ನುವುದಕ್ಕೆ ಶಿರಸಿಯ ಒಂದು ಅನುಭವ ಹೇಳುತ್ತೇನೆ. ಕಾವಿ ಕಲೆಯ ಬಗ್ಗೆ ಒಂದು ಸಣ್ಣ ಪ್ರದರ್ಶನ. ಮಾರಿಕಾಂಬಾ ದೇವಸ್ಥಾನದ ಗೋಡೆಯಲ್ಲಿ ಆ ಕೆಂಪು ಬಿಳಿ ಚಿತ್ರಗಳನ್ನು ಜಾತ್ರೆಗೆ ಹೋದವರೆಲ್ಲ ನೋಡಿರುತ್ತೀರಿ. ಹೆಚ್ಚಿನವರು ಅದನ್ನು ಕೆಂಪು ಬಣ್ಣದಲ್ಲಿ ಬರೆದ ಚಿತ್ರ ಅಂದುಕೊಳ್ಳುತ್ತಾರೆ. ಅದು ಕೆತ್ತಿದ್ದು. ಚಿಪ್ಪು ಸುಟ್ಟು ಮಾಡಿದ ಸುಣ್ಣ, ತೊಳೆದ ಮರಳು, ಬೆಲ್ಲ ಸೇರಿಸಿ ಹುಳಿಬರಿಸಿ, ಕುಟ್ಟಿ ಹದ ಮಾಡಿ ಗೋಡೆಗೆ ಮೆತ್ತುತ್ತಾರೆ. ಅದರ ಮೇಲೆ ಕಾವಿಮಣ್ಣಿನ ಪದರ. ಅದು ಹಸಿ ಇರುವಾಗಲೇ ಚೂಪಾದ ಉಳಿಯಿಂದ ಕೆರೆದರೆ ಒಳಗಿನ ಬಿಳಿ ಮೇಲೆ ಬರುತ್ತದೆ. ಮೊದಲು ಕಮಿಟಿಯವರು ಫೋಟೋ ದೊಡ್ಡದು ಮಾಡಿ ವಿನೈಲ್ ಅಂಟಿಸೋಣ ಎಂದಿದ್ದರು. ಕೂತು ಮಾತಾಡಿ, ಅದೇ ದುಡ್ಡಿನಲ್ಲಿ ಗಾರೆ ಕೆಲಸ ಗೊತ್ತಿದ್ದ ಒಬ್ಬರಿಂದ ಒಂದೊಂದು ಅಡಿಯ ಮೂರು ಹಲಗೆ ಮಾಡಿಸಿದೆವು. ಒಂದರಲ್ಲಿ ಬರೀ ಸುಣ್ಣ, ಇನ್ನೊಂದರಲ್ಲಿ ಮೇಲೆ ಕಾವಿ, ಮೂರನೆಯದ್ದು ಅರ್ಧ ಕೆರೆದದ್ದು. ಮುಟ್ಟಬಹುದು ಎಂದು ಬರೆದಿಟ್ಟೆವು. ಮಕ್ಕಳು ಬೆರಳಿನಿಂದ ಗೆರೆಯ ಆಳ ಸವರಿ ನೋಡುತ್ತಿದ್ದರು. ಕುಮಟಾ ಕಡೆಯ ಒಬ್ಬ ಅಜ್ಜ ಮೂರನೇ ಹಲಗೆಯ ಮುಂದೆ ನಿಂತು ‘ನಮ್ಮ ಹಳೇ ಮನೆ ತುಳಸಿಕಟ್ಟೆಗೂ ಹಿಂಗೇ ಇತ್ತು, ನಾವೇ ಪೇಂಟ್ ಬಳಿದು ಮುಚ್ಚಿದ್ವು’ ಎಂದರು. ಸ್ವಲ್ಪ ಹೊತ್ತು ಅಲ್ಲೇ ಕೂತಿದ್ದು ಹೋದರು.

ಯಲ್ಲಾಪುರದ ಸಿದ್ದಿ ಹೆಂಗಸರು ಹೊಲಿಯುವ ಕವದಿಯನ್ನು ನಾಲ್ಕು ಮೊಳೆ ಹೊಡೆದು ತೂಗುಹಾಕಿದ್ದನ್ನೂ ನೋಡಿದ್ದೇನೆ. ಹಳೆ ಸೀರೆ, ಅಂಗಿಗಳ ತುಂಡು ಕೂಡಿಸಿ ಹೊಲಿದದ್ದು, ನಾಲ್ಕು ಮೂಲೆಗೂ ಹೂವಿನ ಹಾಗೆ ಮಡಚಿದ ತುಂಡು ಇರುತ್ತದೆ. ಮೊಳೆ ಹೊಡೆದದ್ದು ಸರಿಯಾಗಿ ಆ ಹೂವಿಗೇ. ಹಿಂದೆ ಒಂದು ಉದ್ದ ಬಟ್ಟೆಯ ಕೊಳವೆ ಹೊಲಿದು ಕೋಲು ತೂರಿಸಿದರೆ ಭಾರ ಸಮ ಆಗುತ್ತದೆ. ಹೊಲಿದವರಿಗೇ ದುಡ್ಡು ಕೊಟ್ಟು ಆ ಕೊಳವೆಯನ್ನೂ ಹೊಲಿಸಿ, ಅವರಿಗಿಂತ ಚೆನ್ನಾಗಿ ಯಾರಿಗೆ ಬರುತ್ತದೆ.

ನಮ್ಮಲ್ಲಿ ಒಳ್ಳೆಯದು ಇಲ್ಲ ಎಂದಲ್ಲ. ಕಾರವಾರದ ಟ್ಯಾಗೋರ್ ಕಡಲತೀರದಲ್ಲಿ ಐಎನ್‌ಎಸ್ ಚಪಲ್ ಇದೆ, 1976ರಲ್ಲಿ ನೌಕಾಪಡೆಗೆ ಸೇರಿ 2005ರಲ್ಲಿ ನಿವೃತ್ತಿ ಆದ ಕ್ಷಿಪಣಿ ನೌಕೆ. ಅದರ ಹೊಟ್ಟೆಯೊಳಗೆ ಬಗ್ಗಿ ಹೋಗುವ ಮಗುವಿಗೆ ನಾವಿಕರ ಜಾಗ ಎಷ್ಟು ಇಕ್ಕಟ್ಟು ಎಂದು ಯಾವ ಫಲಕವೂ ಹೇಳಬೇಕಾಗಿಲ್ಲ. ಈಗ ಪಕ್ಕದಲ್ಲೇ ಟುಪೊಲೆವ್ ವಿಮಾನವೂ ಬಂದು ನಿಂತಿದೆ. ಆದರೆ ಅದೇ ತೀರದಲ್ಲಿ 1880ರ ದಶಕದ ಮೊದಲಲ್ಲಿ, ಇಪ್ಪತ್ತೆರಡರ ಆಸುಪಾಸಿನ ರವೀಂದ್ರನಾಥ ಟ್ಯಾಗೋರರು ಓಡಾಡಿದ್ದರು. ಅವರ ಅಣ್ಣ ಸತ್ಯೇಂದ್ರನಾಥರು ಇಲ್ಲಿ ಜಿಲ್ಲಾ ನ್ಯಾಯಾಧೀಶರು. ಕಾರವಾರದಲ್ಲಿದ್ದಾಗ ರವೀಂದ್ರನಾಥರು ಒಂದು ನಾಟಕವನ್ನೇ ಬರೆದರು. ತೀರಕ್ಕೆ ಅವರ ಹೆಸರು ಯಾಕೆ ಬಂತು ಎಂದು ಅಲ್ಲಿ ಮಂಡಕ್ಕಿ ತಿನ್ನುತ್ತಾ ಕೂತ ಹುಡುಗರನ್ನು ಕೇಳಿದರೆ ಹತ್ತರಲ್ಲಿ ಒಬ್ಬರೂ ಹೇಳಲಿಕ್ಕಿಲ್ಲ. ಒಂದು ಒಳ್ಳೆಯ ಕೋಣೆ, ಕನ್ನಡದಲ್ಲಿ ಮೊದಲು ಬರೆದದ್ದು, ಕಿಟಕಿಯಿಂದ ಅದೇ ಕಡಲು ಕಾಣುವ ಹಾಗೆ. ನನ್ನ ಹತ್ತಿರ ಅದರ ನಕ್ಷೆ ಇದೆ. ಯಾರೂ ಕೇಳಿಲ್ಲ, ನಾನೇ ಕೂತು ಮಾಡಿದ್ದು.

ಈ ಪತ್ರ ಓದುವ ಮನೆಗಳಲ್ಲಿ ಗಾಜಿನ ಫ್ರೇಮಿನಲ್ಲಿ ಅಜ್ಜ ಅಜ್ಜಿಯರ ಫೋಟೋ ಇರುತ್ತದೆ. ಮಳೆ ಹಿಡಿಯುವ ಮೊದಲು ಒಮ್ಮೆ ಓರೆಯಿಂದ ನೋಡಿ. ಗಾಜಿಗೂ ಫೋಟೋಗೂ ನಡುವೆ ಅಂತರ ಇಲ್ಲದಿದ್ದರೆ ಫ್ರೇಮಿನ ಅಂಗಡಿಗೆ ಒಯ್ದು ಮೌಂಟ್ ಹಾಕಿಸಿ, ಹೊರಗೋಡೆಯಲ್ಲಿ ತೂಗಿದ್ದರೆ ಒಳಗೋಡೆಗೆ ತನ್ನಿ. ಆಗಲೇ ಅಂಟಿದ್ದರೆ ದಯವಿಟ್ಟು ಎಳೆಯಬೇಡಿ. ಗಾಜಿನ ಸಮೇತ ಹಾಗೇ ಇಟ್ಟು, ಗಾಜಿನ ಮೇಲಿನಿಂದಲೇ ಒಳ್ಳೆಯ ಸ್ಕ್ಯಾನ್ ತೆಗೆಸಿ.

ಅಕ್ಕೋರ ಫೋಟೋವನ್ನು ಆ ದಿನವೇ ಫ್ರೇಮಿನ ಸಮೇತ ಕೇಳಿ ತಂದೆ. ಸಂಸ್ಥೆಯವರು ಬೇಡ ಎನ್ನಲಿಲ್ಲ, ಅವರಿಗೂ ಬೇಸರ ಆಗಿತ್ತು. ಗಾಜಿನ ಮೇಲಿನಿಂದ ಸ್ಕ್ಯಾನ್ ಮಾಡಿದ್ದೇನೆ. ಎಡಗಣ್ಣು, ಹಣೆ, ಗಾಂಧಿ ಟೋಪಿ ಚೆನ್ನಾಗಿ ಬಂದಿವೆ. ಬಾಯಿಯ ಹತ್ತಿರ ಕಲೆ ಉಳಿದಿದೆ. ಕಂಪ್ಯೂಟರಿನಲ್ಲಿ ತಿದ್ದಬಹುದಿತ್ತು, ಆದರೆ ನೋಡದ ಬಾಯಿಯನ್ನು ನಾನು ಬರೆಯಲಾರೆ ಎಂದು ಅವರಿಗೆ ಫೋನಿನಲ್ಲಿ ಹೇಳಿದೆ. ‘ಬೇಡ ತಂಗಿ, ಹಾಗೇ ಇರಲಿ, ಎಷ್ಟು ಸಿಕ್ತೋ ಅಷ್ಟು ತಾ’ ಎಂದರು. ಪ್ರಿಂಟ್ ತೆಗೆಸಿ, ಮೌಂಟ್ ಹಾಕಿಸಿ ಇಟ್ಟಿದ್ದೇನೆ. ಬರುವ ಭಾನುವಾರ ಒಯ್ದು ಕೊಡಬೇಕು.

ಇತಿ,
ಒಬ್ಬ ಪ್ರದರ್ಶನ ವಿನ್ಯಾಸಕಿ
ಕೋಡಿಬಾಗ, ಕಾರವಾರ